ಬೆನ್ನ ಹಿಂದಿನ ದೀಪ

ದೀಪದಂಗಡಿಯಲ್ಲಿ ಬಿಲ್ ಕಟ್ಟುವ ಸಾಲಿನಲ್ಲಿ ನಿಂತಿದ್ದ ಒಬ್ಬ ವೈರಿಂಗ್ ಕೆಲಸದವನ ಮುಂದೆ ಗಂಡ ಹೆಂಡತಿ ಇಬ್ಬರು ನಿಂತಿದ್ದರು. ಗಂಡನ ಕೈಯಲ್ಲಿ ಗಾಜಿನ ತೂಗುದೀಪ.

“ಹೊಸದಾಗಿ ಮಾಡಿಸ್ತಿರೋ ಅಡುಗೆಮನೆಗೆ ಇದೇ ಇರ್ಲಿ. ಹಾಲ್‌ನಿಂದ ನೋಡಿದ್ರೆ ಎಷ್ಟು ಚೆನ್ನಾಗಿ ಕಾಣುತ್ತೆ!”

“ಹಾಲ್‌ನಲ್ಲಿ ಕೂತು ಯಾರ್ರೀ ಈರುಳ್ಳಿ ಹೆಚ್ಚೋದು?”

“ಹಾಗಾದ್ರೆ ಹಳೇ ದೀಪಾನೇ ಇರ್ಲಿ. ಅದಕ್ಕೇನಾಗಿದೆ?”

“ಅದಿರೋದು ಛಾವಣಿ ಮಧ್ಯದಲ್ಲಿ, ನನ್ನ ಬೆನ್ನ ಹಿಂದೆ. ಹೆಚ್ಚೋ ಮಣೆ ಮೇಲೆ ಬರೀ ನನ್ನ ನೆರಳು. ಹದಿನಾರು ವರ್ಷದಿಂದ ಕತ್ತಲಲ್ಲೇ ಹೆಚ್ತಿದೀನಿ. ಈ ಬೆರಳು ನೋಡಿ!”

“ಮೊದಲೇ ಹೇಳಬಾರದಿತ್ತಾ?”

“ಹೆಚ್ಚೋವಾಗ ಸರಿಯಾಗಿ ಕಾಣಲ್ಲ ಅಂತ ಬಾಯಿ ನೋಯೋಷ್ಟು ಸಲ ಹೇಳಿದ್ದೆ. ನೀವು ಕನ್ನಡಕ ಕೊಡಿಸಿದ್ರಿ!”

ಗಂಡ ತೂಗುದೀಪವನ್ನು ಮೊದಲಿದ್ದಲ್ಲೇ ಇಟ್ಟು, ಬೇರೆ ದೀಪ ನೋಡಲು ಹೊರಟ ಅವಳ ಹಿಂದೆ ನಡೆದ. ತನ್ನ ಮನೆಯೂ ಸೇರಿ ಎಲ್ಲ ಅಡುಗೆಮನೆಗಳಲ್ಲೂ ಛಾವಣಿಯ ಮಧ್ಯದಲ್ಲೇ ದೀಪ ಹಾಕಿದ್ದ ವೈರಿಂಗ್ ಕೆಲಸದವನಿಗೆ, ಹೋದ ತಿಂಗಳು ಹೆಂಡತಿಗೆ ಮಾಡಿಸಿಕೊಟ್ಟ ಕನ್ನಡಕ ನೆನಪಾಯಿತು.