ಸುಂಕಪ್ಪನವರ ಬಸ್ಸು ರದ್ದಾದ ಬೆಳಗು

ಮಾನ್ಯ ಅಧ್ಯಕ್ಷರಾದ ಕೊಟ್ರಬಸಪ್ಪನವರೇ, ಸನ್ಮಾನಿತರಾದ ಅನಿತಾ ಅವರೇ, ಸಿರುಗುಪ್ಪ–ಬಳ್ಳಾರಿ ಬಸ್ಸಿನಲ್ಲಿ ವರ್ಷಗಟ್ಟಲೆ ನಿಂತೇ ಪ್ರಯಾಣಿಸಿ ಇಂದು ಕೂರಲು ಕುರ್ಚಿ ಸಿಕ್ಕಿರುವ ಸಭಿಕರೇ,

ಮೊದಲಿಗೆ ಒಂದು ಚರಿತ್ರಾರ್ಹ ಘೋಷಣೆ. ನಮ್ಮ ಬಸ್ ಬಳಗದ ವಾಟ್ಸಾಪ್ ಗುಂಪಿನಲ್ಲಿ ಇನ್ನು ಮುಂದೆ ಒಬ್ಬರಿಗೆ ದಿನಕ್ಕೆ ಒಂದೇ ಗುಲಾಬಿ ಹೂವಿನ ಶುಭೋದಯ. ಚಪ್ಪಾಳೆ ಸಾಕು.

ಸಂಗನಕಲ್ಲಿನ ಬಂಡೆಯ ಮೇಲೆ ಆದಿಮಾನವರು ಕೊರೆದ ಗೀರುಗಳನ್ನಾದರೂ ಓದಬಹುದು, ನಮ್ಮ ಗುಂಪಿನ ಬರವಣಿಗೆಯನ್ನಲ್ಲ. ದುರ್ಗಾದೇವಿಯವರು ಮಾತಿಗೊಮ್ಮೆ ಸುರಿಯುವ ಚುಕ್ಕಿಗಳಲ್ಲಿ ಅಂಗಳದ ತುಂಬ ರಂಗೋಲಿ ಹಾಕಬಹುದು. ಅದು ಸಿಟ್ಟೋ, ಸಂಕಟವೋ? ಅಧ್ಯಕ್ಷರದು ಮದುವೆಯ ಸುದ್ದಿಗೂ ಎತ್ತಿದ ಹೆಬ್ಬೆಟ್ಟಿನ ಚಿತ್ರ, ಮರಣದ ಸುದ್ದಿಗೂ ಅದೇ ಹೆಬ್ಬೆಟ್ಟು. ನನ್ನ ಮಾವ ತೀರಿಕೊಂಡಾಗಲೂ ಒತ್ತಿದರು. ನನ್ನ ಹೆಂಡತಿ ಇಂದಿಗೂ ಅವರ ಅಂಗಡಿಯ ಅಕ್ಕಿ ತರಿಸುವುದಿಲ್ಲ.

ಇನ್ನು ಸುಂಕಪ್ಪನವರು. ಸಿರುಗುಪ್ಪ ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು ನಮ್ಮನ್ನೆಲ್ಲ ಬಸ್ಸು ಹತ್ತಿಸಿದ ಕಂಟ್ರೋಲರ್. ನಿವೃತ್ತರಾದರೂ ಮೈಕು ಬಿಟ್ಟವರಲ್ಲ. "ಪ್ರಯಾಣಿಕರ ಗಮನಕ್ಕೆ: ಜಂಬಮ್ಮನವರ ಉಪ್ಪಿಟ್ಟು ಕೆಲವೇ ನಿಮಿಷಗಳಲ್ಲಿ ಹೊರಡಲಿದೆ" ಎಂದು ತಮ್ಮ ಹೆಂಡತಿಯ ಅಡುಗೆಯನ್ನೂ ಗುಂಪಿಗೆ ಸಾರುವವರು. ನಗದೇ ಇರುವುದು ಹೇಗೆ?

ಹೋದ ವಾರ ಸೋಮವಾರ ಬೆಳಿಗ್ಗೆ ಬರೆದರು: "ಪ್ರಯಾಣಿಕರ ಗಮನಕ್ಕೆ: ಸುಂಕಪ್ಪನ ಬಸ್ಸು ಇಂದು ರದ್ದಾಗಿದೆ." ಗುಂಪಿನ ತುಂಬ ನಗುವ ಮುಖಗಳು. ಕರೂರಿನ ಅನಿತಾ ಒಬ್ಬರೇ ನಗಲಿಲ್ಲ; ನನಗೆ ಫೋನ್ ಮಾಡಿದರು.

"ಸರ, ಸುಂಕಪ್ಪ ಮಾಮಾರು ಯಾವತ್ತರ ರದ್ದು ಅಂದಿದ್ರೇನ್ರಿ?"

"ತಮಾಷಿ ಮಾಡ್ಯಾರ ಬಿಡಮ್ಮ."

"ಬಸ್ ಕೆಟ್ಟು ನಿಂತ್ರೂ ತಡ ಐತಿ, ಕುಂದರ್ರಿ ಅಂತಿದ್ರು. ಸಿರಿಗೇರಿಯಿಂದ ಬ್ಯಾರೆ ಬಸ್ ತರಿಸಿ ಕಳಸ್ತಿದ್ರು. ಜಂಬಮ್ಮ ಅತ್ತಿ ಕುರುಗೋಡಿಗೆ ಹೋಗ್ಯಾರ. ಇವ್ರು ಫೋನ್ ಎತ್ತವಲ್ರು."

ನಾನು ಚಹಾ ಮುಗಿಸುವಷ್ಟರಲ್ಲಿ ಆಕೆ ಸುಂಕಪ್ಪನವರ ಪಕ್ಕದ ಮನೆಯ ಮಾರೇಶನಿಗೆ ಹೇಳಿ ಬಾಗಿಲು ಒಡೆಸಿದ್ದರು. ಸುಂಕಪ್ಪನವರು ಎದೆ ಹಿಡಿದುಕೊಂಡು ನೆಲದ ಮೇಲೆ ಬಿದ್ದಿದ್ದರು. ಸಭಿಕರೇ, ಉಸಿರು ಕಟ್ಟುವಾಗಲೂ ಮನುಷ್ಯ ತನ್ನ ಶೈಲಿಯಲ್ಲೇ ಕೂಗುತ್ತಾನೆಯೇ? ಆ ಕೂಗಿಗೆ ನಾವು ನಕ್ಕೆವೇ?

ಜೀವ ಉಳಿದಿದೆ. ಇಂದು ಸಂಜೆ ಆಸ್ಪತ್ರೆಯಿಂದ ಮನೆಗೆ ಬರುತ್ತಾರೆ. ಜಂಬಮ್ಮನವರು ಫೋನನ್ನೂ ಕೈಗೆ ಕೊಡುತ್ತಾರಂತೆ. ಅನಿತಾ ಅವರಿಗೆ ಬಳಗದ ಪರವಾಗಿ ಎಷ್ಟು ವಂದಿಸಿದರೂ ಕಡಿಮೆಯೇ. ನಿಮ್ಮಲ್ಲಿ ಒಂದು ವಿನಂತಿ: ಊಟಕ್ಕೆ ಏಳುವ ಮುನ್ನ, ಸೋಮವಾರದ ಆ ಸಂದೇಶದ ಕೆಳಗಿರುವ ನಿಮ್ಮ ನಿಮ್ಮ ನಗುವ ಮುಖಗಳನ್ನು ತೆಗೆದುಬಿಡಿ. ನನ್ನದನ್ನು ತೆಗೆಯುವುದು ಹೇಗೆಂದು ಯಾರಾದರೂ ಸ್ವಲ್ಪ ತೋರಿಸಿಕೊಡಿ. ನಮಸ್ಕಾರ.