ನೆರೆಯವರು ಅಂದರೆ ಯಾರು

ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಮೈಸೂರು ಬಸ್ಸಿಗೆ ಕಾದು ಕಾದು ಪುಟ್ಟಬಸವಯ್ಯನಿಗೆ ತಲೆ ಕೆಟ್ಟಿತ್ತು. ಪಕ್ಕದ ಕಲ್ಲುಬೆಂಚಿನಲ್ಲಿ ಅತ್ತೆ ಸೊಸೆ ಇಬ್ಬರು ಕೂತಿದ್ದರು. ಸೊಸೆಯ ತೊಡೆಯ ಮೇಲೆ ಬೈಬಲ್. ಅತ್ತೆಗೆ ಓದು ಬಾರದು, ದಿನಾ ಸೊಸೆಯೇ ಓದಿ ಹೇಳುತ್ತಾಳೆ ಅನ್ನುವುದು ಅವರ ಮಾತಿನಲ್ಲೇ ತಿಳಿಯಿತು.

“ಅತ್ತೆ, ನೆರೆಯವರ ಮೇಲೆ ಪ್ರೀತಿ ಇರಲಿ ಅಂದ್ರೆ ನೆರೆ ಬಂದು ಮನೆ ಕಳಕೊಂಡವರು ಅಂತಲ್ಲ.”

“ಮತ್ತೆ? ನೀ ಓದಿದ್ದು ಕೇಳೇ ಅಲ್ವಾ ಅಮ್ಮಿ, ಕಪಿಲೆ ಉಕ್ಕಿದಾಗ ಆರು ಜನನ ಮನೇಲಿಟ್ಕಂಡು ಉಣ್ಣಕ್ಕಿಕ್ಕಿದ್ದು?”

“ಮಾಡಿದ್ದು ಒಳ್ಳೇದೇ. ಆದ್ರೆ ನೆರೆಯವರು ಅಂದ್ರೆ ಪಕ್ಕದ ಮನೆಯವರು.”

ಮುದುಕಿ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

“ಗೌರೀನಾ?”

“ಹೂಂ, ಗೌರಮ್ಮನೇ.”

“ಚರಂಡಿಗೆ ಕಲ್ಲು ಅಡ್ಡ ಇಕ್ಕಿ ನಮ್ಮ ಬಾಗಲಿಗೆ ಕೊಚ್ಚೆ ನುಗ್ಗಿಸಿದೋಳು ಕಣಮ್ಮಿ ಅವಳು. ಮೂರು ವರ್ಷ ಆಯ್ತು ಮಾತು ಬಿಟ್ಟು.”

“ನಾನೇನು ಮಾಡ್ಲಿ ಅತ್ತೆ, ಹಂಗೇ ಬರದೈತೆ.”

“ನೆರೆ ಬಂದೋರೇ ವಾಸಿ. ನೀರಿಳಿದೇಟಿಗೆ ಹೊರಟೋದ್ರು. ಇವಳು ಸಾಯೋಗಂಟ ಪಕ್ಕದಲ್ಲೇ ಇರ್ತಾಳಲ್ಲ.”

“ಅದಕ್ಕೇ ದಿನಾ ಓದೋದು.”

ಪುಟ್ಟಬಸವಯ್ಯ ನಗು ತಡೆಯಲಾರದೆ ಕೆಮ್ಮಿದ. ಅಷ್ಟರಲ್ಲಿ ಟಿ. ನರಸೀಪುರದ ಬಸ್ಸು ಬಂತು. ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

“ಊರಿಗೆ ಇಳಿದೇಟಿಗೆ ಓಗಿ ಮಾತಾಡುಸ್ತೀನಿ. ಗೌರಿ ಅಂತ ನಾನೇ ಮೊದ್ಲು ಕರೀತೀನಿ, ಆಯ್ತಾ?”

“ಆಯ್ತು ಅತ್ತೆ.”

“ಆಮೇಲೆ ಕಲ್ಲು ತಗಿ ಅಂತೀನಿ. ಅಂಗನ್ನಬಾರ್ದು ಅಂತೇನೂ ಅದ್ರಲ್ಲಿ ಬರದಿಲ್ವಲ್ಲ?”

“ನಾಳೆ ಓದಿ ನೋಡ್ತೀನಿ.”

“ನಾಳೆಗಂಟ ಯಾರು ಕಾಯ್ತಾರೆ? ಇವತ್ತೇ ಅಂದ್ಬುಡ್ತೀನಿ,” ಅಂದವಳೇ ಮುದುಕಿ ಸೊಸೆಗಿಂತ ಮುಂದಾಗಿ ಬಸ್ಸು ಹತ್ತಿದಳು.