ಒಗೆಯದೆ ಒಪ್ಪಿಸಿದ ದಿಂಬು

ಹೆಸರು: ಅನಸ್ತಾಸಿಯೊ ಫುನೆಸ್. ತಂದೆ: ದಿವಂಗತ ಕ್ಲೆಮೆಂತೆ ಫುನೆಸ್. ವಯಸ್ಸು: 63 ವರ್ಷ. ಕಸುಬು: ನಿವೃತ್ತ ಶಾಲಾ ಶಿಕ್ಷಕ. ವಾಸ: ಲಾಸ್ ಅಲ್ಮೆಂದ್ರೊಸ್ ಬಡಾವಣೆ, ಚೊಲೋಮಾ, ಹೊಂಡುರಾಸ್.

ಮೇಲ್ಕಂಡ ನಾನು ಠಾಣೆಗೆ ಸ್ವತಃ ಹಾಜರಾಗಿ, ಯಾರ ಒತ್ತಾಯವೂ ಇಲ್ಲದೆ ಬರೆಯಿಸುವ ಸಂಗತಿಗಳು ಇವು.

ನನ್ನ ಮಗಳು ದೆಲ್ಮಿ, 27 ವರ್ಷ, ಊರ ಹೊರಗಿನ ಸಿದ್ಧ ಉಡುಪು ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಹೊಲಿಯುವ ಕೆಲಸದಲ್ಲಿದ್ದಳು. ಅಲ್ಲಿನ ಆಸನಗಳು ಬರಿಯ ಮರದ ಹಲಗೆಗಳಾದ್ದರಿಂದ ಪ್ರತಿಯೊಬ್ಬ ಹೆಂಗಸೂ ಮನೆಯಿಂದ ತನ್ನ ದಿಂಬನ್ನು ಒಯ್ಯುವುದು ರೂಢಿ. ದೆಲ್ಮಿಯ ದಿಂಬನ್ನು ಹೊಲಿದವಳು ನನ್ನ ಹೆಂಡತಿ ಒತಿಲಿಯಾ. ಹಳದಿ ಬಟ್ಟೆ, ಒಂದು ಮೂಲೆಯಲ್ಲಿ ಕೆಂಪು ದಾರದ ಗುರುತು.

ಕಾರ್ಮಿಕರು ಸಂಘ ಕಟ್ಟಿದ್ದರು. ಸಂಘಕ್ಕೆ ಆಡಳಿತವು ಮಾನ್ಯತೆ ಕೊಡಬೇಕು, ಕೆಲಸದ ವೇಳೆ ಹಿಂಬಾಗಿಲಿಗೆ ಬೀಗ ಹಾಕಬಾರದು, ಮೂತ್ರಕ್ಕೆ ಹೋಗಲು ಮೇಸ್ತ್ರಿಯ ಅಪ್ಪಣೆಗೆ ಕಾಯುವಂತಿರಬಾರದು ಎಂಬುದು ಅವರ ಬೇಡಿಕೆ. ಉತ್ತರ ಬಾರದ್ದರಿಂದ ಮಾರ್ಚ್ 4ರಂದು ಮುಷ್ಕರ ಆರಂಭವಾಯಿತು. ಹೆಂಗಸರು ಮುಖ್ಯ ಗೇಟಿನ ಮುಂದೆ ತಮ್ಮತಮ್ಮ ದಿಂಬು ಹಾಕಿಕೊಂಡು ಕುಳಿತರು. ಒಳಗೆ ಯಂತ್ರಗಳ ಮುಂದೆ ಕೂರುವ ಸಾಲಿನ ಕ್ರಮದಲ್ಲಿಯೇ ಕುಳಿತರು.

ಮಾರ್ಚ್ 9ರಂದು ಮಧ್ಯಾಹ್ನ ನಾನು ಊಟ ಒಯ್ದೆನು. ಗೇಟಿನ ಕಾವಲುಗಾರ ಲಿಸಾಂದ್ರೊ ನನ್ನ ಹಳೆಯ ವಿದ್ಯಾರ್ಥಿ, ದೆಲ್ಮಿಯ ಸಹಪಾಠಿ. ಅವನು, “ಏನ್ ಮೇಷ್ಟ್ರೇ, ಊಟ ತಂದ್ರಾ, ಭಾಷಣ ತಂದ್ರಾ?” ಎಂದು ಕೇಳಿದನು. ನಾನು ಉತ್ತರಿಸುವ ಮೊದಲೇ ದೆಲ್ಮಿ, “ಎರಡೂ ತಂದಿರ್ತಾರೆ ಕಣೋ. ಊಟ ನನಗೆ, ಭಾಷಣ ನಿನಗೆ. ಆರೋಕ್ ಮುಂಚೆ ತಗೋ” ಎಂದಳು. ಸಾಲಿನವರೆಲ್ಲ ನಕ್ಕರು. ಅವನೂ ನಕ್ಕನು. ನಾನು ಅವಳಿಗೆ ಬಡಿಸಿ, ಇಪ್ಪತ್ತು ಅಡಿ ದೂರದ ಮರದ ನೆರಳಿಗೆ ಹೋದೆನು.

ಆಗ ಸರಕು ತುಂಬಿದ ಲಾರಿಯೊಂದು ಒಳಗಿನಿಂದ ಗೇಟಿನವರೆಗೆ ಬಂದು ನಿಂತಿತು. ಕಾರ್ಖಾನೆಯ ವ್ಯವಸ್ಥಾಪಕರು, “ಗೇಟ್ ತೆಗಿಯೋ” ಎಂದು ಕೂಗಿದರು. ಲಿಸಾಂದ್ರೊ, “ಸಾರ್, ಹೆಂಗಸ್ರು ಕೂತವ್ರೆ” ಎಂದನು. “ಲಾರಿ ಕಂಡ್ರೆ ತಾವೇ ಏಳ್ತಾರೆ, ತೆಗಿ” ಎಂಬುದು ಉತ್ತರ. ಈ ಮಾತುಗಳನ್ನು ನಾನು ಕಿವಿಯಾರೆ ಕೇಳಿದ್ದೇನೆ. ಗೇಟು ತೆರೆಯಿತು. ಚಾಲಕ ಲಾರಿಯನ್ನು ನಡೆಸಿದನು, ನಿಲ್ಲಿಸಲಿಲ್ಲ. ಉಳಿದವರು ಪಕ್ಕಕ್ಕೆ ಉರುಳಿಕೊಂಡರು. ದೆಲ್ಮಿಯ ಮಡಿಲಲ್ಲಿ ತಟ್ಟೆಯಿತ್ತು. ಅವಳು ಮೊದಲು ಅದನ್ನು ಕೆಳಗಿಟ್ಟಳು.

ತಾವು ಇಂದು ನನಗೆ ಓದಿ ಹೇಳಿದ ಆಡಳಿತದ ವರದಿಯಲ್ಲಿ, ಅವಳು ಚಲಿಸುತ್ತಿದ್ದ ಲಾರಿಗೆ ಅಡ್ಡಲಾಗಿ ಓಡಿ ಬಂದಳೆಂದಿದೆ. ಲಿಸಾಂದ್ರೊ ಅದಕ್ಕೆ ಸಹಿ ಹಾಕಿದ್ದಾನೆ. ನನ್ನ ವಾದ ಇಷ್ಟೇ: ಓಡುವವಳ ಕೆಳಗೆ ದಿಂಬು ಇರುವುದಿಲ್ಲ. ಆಸ್ಪತ್ರೆಯಲ್ಲಿ ಅವಳ ಬಟ್ಟೆಗಳೊಂದಿಗೆ ನನ್ನ ಕೈಗೆ ಕೊಟ್ಟ ದಿಂಬಿನ ಮೇಲೆ ಚಕ್ರದ ಅಚ್ಚಿದೆ. ಅಚ್ಚು ದಿಂಬಿನ ನಡುವಿಗೆ ಬಂದು ನಿಲ್ಲುತ್ತದೆ. ಉಳಿದರ್ಧದ ಮೇಲೆ ನನ್ನ ಮಗಳಿದ್ದಳು.

ನಮ್ಮ ಮನೆತನದಲ್ಲಿ ತೀರಿಹೋದವರ ಬಟ್ಟೆಬರೆಯನ್ನು ಒಂಬತ್ತನೆಯ ದಿನದ ಪ್ರಾರ್ಥನೆಗೆ ಮೊದಲು ಹೆಂಗಸರು ಒಗೆದು ಮಡಿಸಿಡುತ್ತಾರೆ. ಒತಿಲಿಯಾ ಉಳಿದುದೆಲ್ಲವನ್ನೂ ಒಗೆದಳು. ದಿಂಬನ್ನು ನಾನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆನು. “ನಿಮಗೆ ಸಾಕ್ಷಿ. ನನಗೆ ಅದು ನನ್ನ ಕೂಸಿನ ರಕ್ತ ಕಣ್ರೀ, ತೊಳೀಬೇಡ್ವಾ?” ಎಂದು ಕೇಳಿದಳು. ನಾನು ಕೀಲಿ ಕೊಡಲಿಲ್ಲ. ಪ್ರಾರ್ಥನೆಯಲ್ಲಿ ಅವಳು ನನ್ನ ಪಕ್ಕದಲ್ಲಿ ಕೂರಲಿಲ್ಲ.

ಆ ದಿಂಬನ್ನು ಇಂದು ತಮ್ಮ ವಶಕ್ಕೆ ಒಪ್ಪಿಸಿದ್ದೇನೆ. ವ್ಯವಸ್ಥಾಪಕರ ಮೇಲೂ ಲಾರಿ ಚಾಲಕನ ಮೇಲೂ ಕಾನೂನುಕ್ರಮ ಜರುಗಿಸಬೇಕು. ವಿಚಾರಣೆ ಮುಗಿದ ಬಳಿಕ ದಿಂಬನ್ನು ನನಗಲ್ಲ, ನನ್ನ ಹೆಂಡತಿಯ ಕೈಗೆ ಕೊಡಬೇಕು. ಅಲ್ಲಿಯವರೆಗೆ ಯಾರೂ ಅದನ್ನು ಒಗೆಯಕೂಡದು. ಒಗೆಯುವ ಹಕ್ಕು ಅವಳದು.

ಬರೆದುದನ್ನು ಓದಿಸಿ ಕೇಳಿದೆನು. ನಾನು ಹೇಳಿದ್ದಕ್ಕೂ ಇಲ್ಲಿರುವುದಕ್ಕೂ ವ್ಯತ್ಯಾಸವಿಲ್ಲ. ಹೇಳಿದ್ದೆಲ್ಲ ಸತ್ಯವೆಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಚೊಲೋಮಾ
ದಿನಾಂಕ: 20-3-1996

(ಸಹಿ)
ಅನಸ್ತಾಸಿಯೊ ಫುನೆಸ್
ಮೃತ ದೆಲ್ಮಿಯ ತಂದೆ